ಕಲಿಗಾಲ ಯಾರಿಗೆ?

ನಮ್ಮ ಸವದತ್ತಿ, ಬೈಲಹೊಂಗಲ ಕಡೆ ಹೊಲಗೇರಿಯ ಹುಡುಗ ಊರ ಕಟ್ಟೀ ಮ್ಯಾಲೆ ಕುಂತರೆ ಹಿರೀಕರು ಅನ್ನುವ ಮಾತು ಒಂದೇ: "ಕಲಿಗಾಲ ಬಂತಪಾ!" ನಾವು ನಕ್ಕು ಮುಂದೆ ಹೋಗುತ್ತೇವೆ. ಆದರೆ ಇದು ಬರೀ ಗೊಣಗಾಟವಲ್ಲ, ಚರಿತ್ರೆಗೆ ಅರ್ಥ ಕಟ್ಟಿದ ಒಂದು ಸಿದ್ಧಾಂತ. ಕಲಿಯುಗದ ಕೇಡುಗಳನ್ನು ಎಣಿಸುವ ಭಾಗವತದ ಹನ್ನೆರಡನೆಯ ಸ್ಕಂಧ, ಶೂದ್ರರು ಎತ್ತರದ ಪೀಠದಲ್ಲಿ ಕೂತು ಧರ್ಮ ಹೇಳುವುದನ್ನೂ ಆ ಪಟ್ಟಿಗೆ ಸೇರಿಸಿದೆ. ಹಾಗಾದರೆ ನಮ್ಮ ಮಾಸ್ತರ ಕುರ್ಚಿಯೇ ಲೋಕ ಕೆಟ್ಟದ್ದಕ್ಕೆ ಸಾಕ್ಷಿ! ನಮಗೆ ಬೆಳಗಾದದ್ದು ಅವರಿಗೆ ಕತ್ತಲು.

ಇದಕ್ಕೆ ಎದುರಾಗಿ, ಕಾಲ ಮುಂದಕ್ಕೇ ನಡೆಯುತ್ತದೆ ಎನ್ನುವ ಮಾತು ನಮಗೆ ಹಿಡಿಸಿತು. ಅದರ ಬೇರೂ ಧರ್ಮದಲ್ಲೇ ಇದೆ. ಸೃಷ್ಟಿಯಿಂದ ಕೊನೆಯ ತೀರ್ಪಿನವರೆಗೆ ಒಂದೇ ದಾರಿ ಎಂದು ಐದನೆಯ ಶತಮಾನದಲ್ಲಿ ಸಂತ ಅಗಸ್ಟೀನ್ ಬರೆದ. ಹೆಗೆಲ್, ಮಾರ್ಕ್ಸ್ ನಡೆದದ್ದೂ ಆ ದಾರಿಯಲ್ಲೇ ಎಂದು 1949ರಲ್ಲಿ ಕಾರ್ಲ್ ಲೋವಿತ್ ವಾದಿಸಿದ. ನಮ್ಮ ಕೆಲವು ಗೆಳೆಯರಿಗೆ ಈ ಮಾತು ಕಹಿ. ಆದರೆ "ಚರಿತ್ರೆ ತಾನಾಗಿ ನಮ್ಮ ಕಡೆ ಬರುತ್ತದೆ" ಎಂಬ ಭಾಷಣ ಕೇಳಿದಾಗ ನಮಗೆ ಕಾಲಜ್ಞಾನದ ವೀರವಸಂತರಾಯ ನೆನಪಾಗುತ್ತಾನೆ. ಅವನೂ ಬರುವವನೇ. ಬಂದದ್ದನ್ನು ಕಂಡವರಿಲ್ಲ.

ಅಂಬೇಡ್ಕರರು 'ಬುದ್ಧ ಅಥವಾ ಕಾರ್ಲ್ ಮಾರ್ಕ್ಸ್' ಬರಹದಲ್ಲಿ ಈ ಗಂಟಿಗೇ ಕೈ ಹಾಕಿದರು. ರಶಿಯಾದ ಕ್ರಾಂತಿ ತಾನಾಗಿ ಬಂದದ್ದಲ್ಲ, ಮನುಷ್ಯರು ಯೋಚಿಸಿ ತಂದದ್ದು, ಅದಕ್ಕೆ ರಕ್ತವೂ ಹರಿಯಿತು ಎಂದರು.

ಇನ್ನು ಎಲ್ಲಮ್ಮನ ಗುಡ್ಡಕ್ಕೆ ಬರೋಣ. ನಮ್ಮ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿ ಬಿಡುವುದರ ವಿರುದ್ಧ ಕಾನೂನು ಬಂತು. 1982ರಲ್ಲಿ ಕರ್ನಾಟಕ ಮತ್ತೊಂದು ಕಾನೂನು ಮಾಡಬೇಕಾಯಿತು. ನಡುವಿನ ನಲವತ್ತೆಂಟು ವರ್ಷ ಕಾಲವೇನೋ ಮುಂದೆ ನಡೆದೇ ಇತ್ತು. ಮುತ್ತು ಕಟ್ಟುವುದೂ ನಡೆದೇ ಇತ್ತು. ಕಟ್ಟಿಸಿಕೊಂಡವರು ಬಹುಪಾಲು ನಮ್ಮ ಕೇರಿಯ ಹುಡುಗಿಯರೇ. ಕೂದಲು ಜಡೆಗಟ್ಟಿದರೆ ಸಾಕು, ದೇವಿ ಕರೆದಳು ಅನ್ನುತ್ತಿದ್ದರು.

ಅಂಥ ಒಂದು ಮನೆಗೆ ಕತ್ತರಿ ಹಿಡಿದು ಹೋದಾಗ ನಾವು ಯುಗ, ಚರಿತ್ರೆ ಎಂದೆಲ್ಲ ಮಾತಾಡಿದೆವು. ಹುಡುಗಿಯ ತಾಯಿ ಸುಮ್ಮನೆ ಕೇಳಿಸಿಕೊಂಡಳು. ಕಡೆಗೆ ಅಂದಳು: "ಅದೆಲ್ಲಾ ಇರ್ಲಿ ತಮ್ಮಾ. ನಾಳೆ ಹುಡುಗಿಗೆ ಜಡ್ಡು ಬಂದ್ರ, ಕೇರಿ ಮಂದಿ ನನ್ನ ಮ್ಯಾಲ ಬಂದ್ರ, ನೀವು ಬರ್ತೀರೇನು?"

"ಬರ್ತೀವಿ, ಯಕ್ಕಾ" ಅಂದೆವು. ಆಮೇಲೆ ಕತ್ತರಿಯನ್ನು ಆಕೆಯೇ ಇಸಗೊಂಡಳು.