ತೆರೆದ ಪುಸ್ತಕ, ಮುಚ್ಚಿದ ಹೆಸರು

ಪರಊರಲ್ಲಿ ದುಡಿಯುವವನ ಹಣದ ಮೇಲೆ ಯಾರದೋ ಒಂದು ಕಣ್ಣು ಇದ್ದೇ ಇರುತ್ತದೆ. 1990ರ ದಶಕದಲ್ಲಿ ನಾವು ಪುಣೆಯಿಂದ ಊರಿಗೆ ಕಳಿಸುತ್ತಿದ್ದದ್ದು ಮನಿಆರ್ಡರ್. ಅಂಚೆಯವನು ಕಟ್ಟೆಯ ಮೇಲೆ ಕೂತು ನೋಟು ಎಣಿಸಿ, ಸಹಿ ಹಾಕಿಸಿಕೊಂಡು, ಫಾರಂನ ತುದಿಯಲ್ಲಿ ಬರೆದ ಎರಡು ಸಾಲನ್ನೂ ಓದಿ ಹೇಳುವನು. ಸಂಜೆಯೊಳಗೆ ಓಣಿಗೆಲ್ಲ ಗೊತ್ತು: ‘ಈ ಸಲ ನೂರು ಕಡಿಮಿ ಬಂದಾವಂತ.’ ಗಂಡನ ಮನೆ ಬಿಟ್ಟು ಬಂದ ಅಕ್ಕನ ಹೆಸರಿಗೆ ಬೇರೆಯಾಗಿ ಕಳಿಸಿದರಂತೂ ಆ ಹಣಕ್ಕಿಂತ ಓಣಿಯ ಮಾತೇ ಅವಳಿಗೆ ಭಾರವಾಗುತ್ತಿತ್ತು.

ಇದೆಲ್ಲ ನೆನಪಾದದ್ದು ಹಿಂಜವಡಿಯಲ್ಲಿರುವ ನಮ್ಮ ಕಡೆಯ ಹುಡುಗನೊಬ್ಬನ ಜೊತೆ ಮಾತಿಗೆ ಕೂತಾಗ. ವಿದೇಶದ ಗಿರಾಕಿಗೆ ಬಿಡುವಿನಲ್ಲಿ ಕೆಲಸ ಮಾಡಿಕೊಟ್ಟು ಬಿಟ್‌ಕಾಯಿನ್ ಪಡೆಯುತ್ತಾನೆ. ಪ್ರತಿ ಸಲವೂ ಹೊಸ ವಿಳಾಸ ಕೊಡುತ್ತಾನಂತೆ. ‘ಇದೇನೋ ಕಳ್ಳತನದ ಹಾಗೆ’ ಅಂದೆ. ‘ಬಚ್ಚಲದ ಬಾಗಿಲಾ ಹಾಕ್ಕೊಂಡ್ರ ಕಳ್ಳತನ ಏನ್ರೀ?’ ಅಂದ.

ಅವನ ಮಾತಿನಲ್ಲಿ ಹುರುಳಿದೆ. ಬಿಟ್‌ಕಾಯಿನ್ ಗುಟ್ಟಿನ ಹಣ ಎಂದು ನಾವು ಕೇಳಿದ್ದೇವೆ. ಅದರ ಲೆಕ್ಕದ ಪುಸ್ತಕ ಮಾತ್ರ 2009ರಿಂದ ಸಾವಿರಾರು ಕಂಪ್ಯೂಟರುಗಳಲ್ಲಿ ತೆರೆದೇ ಬಿದ್ದಿದೆ. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯಿತು, ಯಾರು ಬೇಕಾದರೂ ನೋಡಬಹುದು. ಹೆಸರಿನ ಜಾಗದಲ್ಲಿ ಅಕ್ಷರ, ಅಂಕಿಗಳ ಸಾಲು. ಆದರೆ ಒಂದೇ ವಿಳಾಸವನ್ನು ಬಳಸುತ್ತಾ ಹೋದರೆ, ಅದು ನಿಮ್ಮದೆಂದು ಗೊತ್ತಾದವನಿಗೆ ನಿಮ್ಮ ಹಿಂದಿನ ಮುಂದಿನ ವ್ಯವಹಾರವೆಲ್ಲ ಕಾಣುತ್ತದೆ. ಅಳಿಸೋಣವೆಂದರೆ ಅಳಿಸಲು ಬರದು. ಮುಂದಿನ ಕೂಲಿಗೆ ಚೌಕಾಸಿ ಮಾಡುವ ಗಿರಾಕಿಗೆ ಹುಡುಗನ ಗಂಟು ಎಷ್ಟಿದೆ ಅಂತ ಗೊತ್ತಾಗಬೇಕೇ? ಸರ್ಕಾರದ ಪ್ರಶ್ನೆ ಬೇರೆ. 2022ರಿಂದ ಇಂಥ ಆಸ್ತಿ ಮಾರಿದ ಲಾಭಕ್ಕೆ ಶೇ. 30ರಷ್ಟು ತೆರಿಗೆ ಇದೆ. ಅದನ್ನು ಕಟ್ಟುತ್ತೇನೆ ಅಂತ ಅವನೇ ಹೇಳಿದ.

ಹಾಗಾದರೆ ಎಲ್ಲರೂ ಮುಚ್ಚಿಟ್ಟುಕೊಳ್ಳಲಿ ಅನ್ನೋಣವೇ? ಪುಣೆಯಲ್ಲಿದ್ದುಕೊಂಡು ಹಾಗೆ ಅನ್ನುವುದು ಕಷ್ಟ. 2018ರಲ್ಲಿ ಇಲ್ಲಿಯ ಪೊಲೀಸರು ಗೇನ್‌ಬಿಟ್‌ಕಾಯಿನ್ ಪ್ರಕರಣದ ಮುಖ್ಯ ಆರೋಪಿ ಅಮಿತ್ ಭಾರದ್ವಾಜ್‌ನನ್ನು ಬಂಧಿಸಿದರು. ಬಿಟ್‌ಕಾಯಿನ್ ತಂದುಕೊಟ್ಟರೆ 18 ತಿಂಗಳ ಕಾಲ ತಿಂಗಳಿಗೆ ಶೇ. 10ರಂತೆ ವಾಪಸು ಎಂಬುದು ಯೋಜನೆಯ ಭರವಸೆ. ಕೊನೆಗೆ ಜನರ ಕೈಗೆ ಬಂದದ್ದು ಅವರೇ ಹುಟ್ಟಿಸಿದ ಎಂಕ್ಯಾಪ್ ಎಂಬ ನಾಣ್ಯ. ಕಥೆ ಅಷ್ಟಕ್ಕೇ ನಿಲ್ಲಲಿಲ್ಲ. ತನಿಖೆಗೆ ನೆರವಾಗಲೆಂದು ಕರೆಸಿಕೊಂಡಿದ್ದ ಇಬ್ಬರು ಪರಿಣತರನ್ನೇ 2022ರ ಮಾರ್ಚ್‌ನಲ್ಲಿ ಪೊಲೀಸರು ಬಂಧಿಸಿದರು. ಅವರಲ್ಲೊಬ್ಬರು ಮಾಜಿ ಐಪಿಎಸ್ ಅಧಿಕಾರಿ. ಆರೋಪಿಗಳ ಬಿಟ್‌ಕಾಯಿನ್ ತಮ್ಮ ಕಡೆ ಸಾಗಿಸಿಕೊಂಡರು ಎಂಬುದು ಅವರ ಮೇಲಿನ ಆಪಾದನೆ. ಬೇಲಿಯೇ ಎದ್ದು ಹೊಲ ಮೇಯ್ದಿತೋ ಇಲ್ಲವೋ, ಅದನ್ನು ನ್ಯಾಯಾಲಯ ಹೇಳಬೇಕು. ದೇಶದ ಬೇರೆ ಬೇರೆ ಕಡೆ ದಾಖಲಾಗಿದ್ದ ಈ ಪ್ರಕರಣಗಳನ್ನು 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಿಬಿಐಗೆ ಒಪ್ಪಿಸಿತು.

ನನ್ನನ್ನು ಕಾಡುವುದು ಬೇರೆ ಸಂಗತಿ. ಆ ಒಂದೊಂದು ಬಿಟ್‌ಕಾಯಿನ್ ಕೈ ಬದಲಾಯಿಸಿದ್ದೂ ತೆರೆದ ಪುಸ್ತಕದಲ್ಲಿ ಬರೆದಿತ್ತು. ಹಣ ಹಾಕಿದವರಿಗೆ ಮಾತ್ರ ಏನೂ ಕಾಣಲಿಲ್ಲ; ಯಾವ ವಿಳಾಸ ಯಾರದು ಅಂತ ಅವರಿಗೇನು ಗೊತ್ತು? ಓದಲು ಬರುವವರು ನಾಲ್ಕೇ ಜನ ಇದ್ದರೆ ಅದು ಆ ನಾಲ್ಕು ಜನರ ಪುಸ್ತಕ. ನಮ್ಮ ಓಣಿ ಬಾಯಿಬಡುಕ ಓಣಿ, ನಿಜ. ಆದರೆ ನೋಡುವವರು ಯಾರೆಂದು ನಮಗೆ ಗೊತ್ತಿತ್ತು, ಅಂಚೆಯವನು ಹತ್ತು ರೂಪಾಯಿ ಮುರಿದುಕೊಂಡರೆ ಅದೂ ಸಂಜೆಯೊಳಗೆ ಗೊತ್ತಾಗುತ್ತಿತ್ತು.

ಆದ್ದರಿಂದ ನನ್ನ ಪಕ್ಷ ಇಷ್ಟು: ತನ್ನ ದುಡಿಮೆಯನ್ನು ತಾನು ಕೊಟ್ಟುಕೊಳ್ಳುವವನಿಗೆ ಮರೆ ಇರಲಿ, ಇನ್ನೊಬ್ಬರ ಹಣ ಹಿಡಿದುಕೊಂಡವನು ತನ್ನ ವಿಳಾಸಗಳನ್ನು ಹೆಸರಿನ ಸಮೇತ ತೋರಿಸಲಿ. ಇದನ್ನೇ ಹುಡುಗನಿಗೆ ಹೇಳಿದೆ. ಅವನು ನಕ್ಕ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ದೊಡ್ಡ ವಿನಿಮಯ ಕೇಂದ್ರ ಮುಳುಗಿದ ಮೇಲೆ, ಕೆಲವು ಕೇಂದ್ರಗಳು ಜನರ ನಂಬಿಕೆ ಉಳಿಸಿಕೊಳ್ಳಲು ತಮ್ಮ ವಿಳಾಸಗಳನ್ನು ಪ್ರಕಟಿಸಿದವಂತೆ. ‘ತಿಜೋರಿ ತೆಗೆದು ತೋರಿಸಿದ್ರು, ಖರೇ. ಆದ್ರ ಸಾಲದ ಚೀಟಿ ಎಷ್ಟದಾವ ಅನ್ನೋದು ಆ ಪುಸ್ತಕದಾಗ ಎಲ್ಲಿರತದ್ರೀ?’ ಅಂದ.