ಪಾಯವೂ ನೆರೆಮನೆಯ ಗೋಡೆಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಆಡುವವರು ಸಾಮಾನ್ಯವಾಗಿ ಹಣದ ವೆಚ್ಚವನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಆದರೆ ಮನೆ ಕಟ್ಟಹೊರಟವನಿಗೆ, ಇನ್ನೂ ಒಂದು ಕಲ್ಲನ್ನೂ ಇಡದಿರುವಾಗಲೇ, ಬೇರೊಂದು ಪರೀಕ್ಷೆ ಒದಗುವುದುಂಟು. ಅದು ಲೆಕ್ಕದ ಪುಸ್ತಕದಲ್ಲಿ ಕಾಣತಕ್ಕುದಲ್ಲ.

ಹುಬ್ಬಳ್ಳಿಯಿಂದ ಮೂಡಲಿಗೆ, ನವಲಗುಂದ ಗದಗಗಳ ಕಡೆಗೆ ಹಬ್ಬಿರುವ ಎರೆಸೀಮೆಯ ಸ್ವಭಾವವು ಎಲ್ಲರಿಗೂ ತಿಳಿದುದೇ. ಮಳೆಗಾಲದಲ್ಲಿ ಆ ಮಣ್ಣು ನೀರು ಕುಡಿದು ಉಬ್ಬುತ್ತದೆ. ಬೇಸಗೆಯಲ್ಲಿ ಆರಿ ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹತ್ತಿಗೂ ಜೋಳಕ್ಕೂ ತಾಯಿಯಾದ ಈ ನೆಲವು ಗೋಡೆಗೆ ಮಲತಾಯಿ. ಆದುದರಿಂದ ಎರೆಯನ್ನು ದಾಟಿ ಗರಸು ಸಿಕ್ಕುವವರೆಗೆ ಪಾಯವನ್ನು ತೋಡಬೇಕು. ಗರಸು ತೀರ ಆಳದಲ್ಲಿದ್ದರೆ ಸಾಕಷ್ಟು ಎರೆಯನ್ನು ತೆಗೆದು, ಬೇರೆಡೆಯ ಗರಸನ್ನು ತಂದು ತುಂಬಿ, ನೀರು ಹೊಯ್ದು ದಮ್ಮಸು ಮಾಡಬೇಕು.

ನೆಲವನ್ನು ಪರೀಕ್ಷಿಸುವ ಪದ್ಧತಿ ಹೊಸದೇನಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಒಂದು ಮೊಳದ ಗುಂಡಿಯನ್ನು ತೋಡಿ ಅದೇ ಮಣ್ಣನ್ನು ಮರಳಿ ತುಂಬಬೇಕೆಂದೂ, ಮಣ್ಣು ಮಿಕ್ಕರೆ ಉತ್ತಮ, ಸಮವಾದರೆ ಮಧ್ಯಮ, ಸಾಲದೆ ಹೋದರೆ ಅನಿಷ್ಟವೆಂದೂ ಹೇಳಿದ್ದಾನೆ. ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ಹೋಗಿ ಬರುವಷ್ಟರಲ್ಲಿ ನೀರು ಇಳಿಯದಿದ್ದರೆ ಒಳ್ಳೆಯದೆಂಬುದು ಆತನ ಇನ್ನೊಂದು ಪರೀಕ್ಷೆ. ಎರೆನೆಲವು ಇದನ್ನು ಸುಲಭವಾಗಿ ವಂಚಿಸಬಲ್ಲದು: ವೈಶಾಖದ ಬಿರುಕುಗಳು ನೀರನ್ನು ಗುಟುಕರಿಸುತ್ತವೆ, ಶ್ರಾವಣದಲ್ಲಿ ಅದೇ ಗುಂಡಿಯ ನೀರು ಅಲುಗದೆ ನಿಲ್ಲುತ್ತದೆ.

ಈ ಪರೀಕ್ಷೆಗಳೆಲ್ಲವೂ ತನ್ನ ನೆಲವನ್ನು ಕುರಿತವು. ತೊಡಕಿರುವುದು ಗಡಿಯಲ್ಲಿ. ಹಳೆಯ ಓಣಿಯೊಂದರಲ್ಲಿ ನಿವೃತ್ತನಾದ ಉಪಾಧ್ಯಾಯನೊಬ್ಬನು ಮೂವತ್ತು ಅಡಿ ಅಗಲದ ನಿವೇಶನದಲ್ಲಿ ಮನೆಯನ್ನು ಆರಂಭಿಸುತ್ತಾನೆಂದು ಭಾವಿಸಬಹುದು. ಮಗ್ಗುಲಲ್ಲಿ ಒಬ್ಬ ವೃದ್ಧೆಯ ಮಣ್ಣಿನ ಗೋಡೆ; ಅದರ ಪಾಯ ಎರಡಡಿಗೆ ಮೀರದು. ಗರಸು ಸಿಕ್ಕಬೇಕಾದರೆ ಉಪಾಧ್ಯಾಯನು ಆರಡಿ ತೋಡಬೇಕು. ತೋಡದಿದ್ದರೆ ಅವನ ಗೋಡೆ ಬಿರಿಯುತ್ತದೆ. ಗಡಿಗೆ ಹತ್ತಿ ತೋಡಿದರೆ ಆಕೆಯ ಗೋಡೆಯ ಕೆಳಗಣ ಮಣ್ಣು ಕುಸಿದೀತು. ಒಬ್ಬನ ಭದ್ರತೆಯೇ ಇನ್ನೊಬ್ಬರಿಗೆ ಅಪಾಯವಾಗುವ ಸಂದರ್ಭವಿದು.

ಕಾಯಿದೆಯು ಏನೆನ್ನುತ್ತದೆ? 1882ರ ಈಸ್‌ಮೆಂಟ್ ಕಾಯಿದೆಯ 7ನೆಯ ಕಲಮಿನ ಪ್ರಕಾರ ನೆರೆಯ ನೆಲದ ಆಸರೆ ಪ್ರತಿಯೊಂದು ನೆಲಕ್ಕೂ ಸ್ವಾಭಾವಿಕವಾದ ಹಕ್ಕು. ಆದರೆ ಈ ಹಕ್ಕು ಅಗೆಯದ, ಭಾರ ಹೊರದ ನೆಲದ್ದು. ಅದರ ಮೇಲೆ ಕಟ್ಟಿದ ಗೋಡೆಯದಲ್ಲ. 15ನೆಯ ಕಲಮಿನಂತೆ ಗೋಡೆಯು ಇಪ್ಪತ್ತು ವರ್ಷ ತಂಟೆಯಿಲ್ಲದೆ ಆಸರೆಯನ್ನು ಪಡೆದಿದ್ದರೆ ಮಾತ್ರ ಅದಕ್ಕೂ ಹಕ್ಕು ಬರುತ್ತದೆ. ನ್ಯಾಯಾಲಯಕ್ಕೆ ಒಂದು ಎಲ್ಲೆ ಬೇಕು, ಇಪ್ಪತ್ತು ಎಂದಿತು; ಅದರಲ್ಲಿ ದೋಷವಿಲ್ಲ. ಆದರೆ ಹತ್ತೊಂಬತ್ತನೆಯ ವರ್ಷದಲ್ಲಿ ಇಲ್ಲದ ಧರ್ಮವು ಇಪ್ಪತ್ತೊಂದನೆಯ ವರ್ಷದಲ್ಲಿ ಹುಟ್ಟುವುದೆ? ಗೋಡೆಯ ಹಿಂದೆ ಮಲಗುವ ಮುದುಕಿ ಎರಡು ವರ್ಷಗಳಲ್ಲಿಯೂ ಒಬ್ಬಳೇ ಅಲ್ಲವೆ?

ಉಪಾಧ್ಯಾಯನ ಪಕ್ಷದಲ್ಲಿಯೂ ಮಾತುಂಟು, ಅದು ಹುರುಳಿಲ್ಲದ ಮಾತಲ್ಲ. ಆಕೆ ದುರ್ಬಲವಾದ ಗೋಡೆಯನ್ನು ಕಟ್ಟಿಕೊಂಡುದಕ್ಕೆ ದಂಡವನ್ನು ಅವನೇಕೆ ತೆರಬೇಕು? ಮೊದಲು ಕಟ್ಟಿದವನ ಅಜ್ಞಾನವು ಅನಂತರ ಕಟ್ಟುವವನ ಕೈಯನ್ನು ಹಿಡಿಯುವುದಾದರೆ ಊರು ಬೆಳೆಯುವುದಾದರೂ ಹೇಗೆ? ಮನೆಯನ್ನೇ ಕಟ್ಟಬೇಡವೆಂದು ಆಕೆ ಹಟ ಹಿಡಿದಿದ್ದರೆ ಈ ವಾದಕ್ಕೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು. ಆದರೆ ಆ ಗೋಡೆಯು ತನ್ನ ದೌರ್ಬಲ್ಯದಿಂದ ಈವರೆಗೆ ಬೀಳಲಿಲ್ಲ. ಈಗ ಬಿದ್ದರೆ ಅದನ್ನು ಬೀಳಿಸಿದುದು ಹೊಸ ಗುಂಡಿಯೇ. ಮೇಲಾಗಿ ಅವನಿಂದ ಬೇಕಾದುದು ಅಲ್ಪ. ಗೋಡೆಯನ್ನು ಗಡಿಯಿಂದ ಎರಡಡಿ ಒಳಕ್ಕೆ ಸರಿಸುವುದು. ಪಾಯವನ್ನು ಒಂದೇ ಉದ್ದಕ್ಕೆ ತೆರೆಯದೆ ನಾಲ್ಕಡಿಯಂತೆ ತುಂಡುತುಂಡಾಗಿ ತೋಡಿ, ಒಂದು ತುಂಡನ್ನು ಕಟ್ಟಿ ಮುಗಿಸಿದ ಮೇಲೆ ಇನ್ನೊಂದನ್ನು ತೆರೆಯುವುದು. ಅಷ್ಟು ದಿನ ಆಕೆಯ ಗೋಡೆಗೆ ಮರದ ಆಸರೆ ಕೊಡುವುದು. ಮಳೆಗೆ ಮುಂಚೆ ಕೆಲಸವನ್ನು ತೀರಿಸುವುದು. ತೆರೆದ ಪಾಯದಲ್ಲಿ ನೀರು ನಿಂತರೆ ಎರೆಮಣ್ಣಿನ ಅಂಚು ಕುಸಿಯುವುದಕ್ಕೆ ಹೊತ್ತು ಬೇಕಿಲ್ಲ. ತುಂಡು ಕೆಲಸದಲ್ಲಿ ದಿನಗೂಲಿ ಏರುತ್ತದೆಂದು ಗೌಂಡಿ ಗೊಣಗುವನು. ಅದು ಸುಳ್ಳೂ ಅಲ್ಲ.

ಇಷ್ಟೆಲ್ಲಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸಕ್ಕೆ ಕಾಸಿನ ಖರ್ಚೂ ಇಲ್ಲ: ಆಕೆಗೆ ತಿಳಿಸುವುದು. ವರಾಹಮಿಹಿರನ ಗ್ರಂಥದಲ್ಲಿಯೇ, ಮರ ಕಡಿಯುವವನು ಅದರಲ್ಲಿ ವಾಸಿಸುವ ಭೂತಗಳಿಗೆ ಬಲಿಯನ್ನಿತ್ತು, ಬೇರೆಡೆ ನೆಲೆಸಿರೆಂದು ಬೇಡಿ ಕ್ಷಮೆ ಕೇಳುವ ವಿಧಿಯಿದೆ. ಭೂಮಿಪೂಜೆಯ ದಿನವೂ ಕಾಣದ ದೇವತೆಗಳ ಅನುಮತಿಯನ್ನು ಶ್ರದ್ಧೆಯಿಂದ ಬೇಡಲಾಗುತ್ತದೆ. ಕಾಣುವ ನೆರೆಯವಳಿಗೋ, ಪೂಜೆಯ ಪ್ರಸಾದ ಮಾತ್ರ ಹೋಗುತ್ತದೆ. ಮರುದಿನ ತನ್ನ ಗೋಡೆಯ ಬುಡದಲ್ಲಿ ಗುದ್ದಲಿಯ ಸದ್ದು ಕೇಳಿದಾಗಲೇ ಆಕೆಗೆ ಉಳಿದ ವಿಷಯ ತಿಳಿಯುವುದು.

ಸುಣ್ಣದ ಗೆರೆ ಎಳೆದ ಸಂಜೆ ಉಪಾಧ್ಯಾಯನು ಗೌಂಡಿಯೊಡನೆ ಆಕೆಯ ಕಟ್ಟೆಯ ಮೇಲೆ ಹೋಗಿ ಕುಳಿತರೆ, ಅರ್ಧ ಗಳಿಗೆಯ ಮಾತಿನಲ್ಲಿ ಆ ಗೋಡೆಯ ವಯಸ್ಸೂ, ಅದು ಯಾವ ಮಳೆಯಲ್ಲಿ ಯಾವ ಕಡೆಗೆ ಬಾಗಿತೆಂಬುದೂ ಹೊರಬೀಳುತ್ತದೆ. ಗೂಟಗಳನ್ನು ಕಿತ್ತು ಎರಡಡಿ ಒಳಕ್ಕೆ ಹೊಡೆಯುವುದು ಅದಕ್ಕಿಂತಲೂ ಬೇಗನೆ ಆಗುವ ಕೆಲಸ. ಆ ಎರಡಡಿ ಅಡಿಗೆಮನೆಯಿಂದ ಹೋಗತಕ್ಕುದೋ ಪಡಸಾಲೆಯಿಂದಲೋ ಎಂಬ ಚರ್ಚೆ ಮಾತ್ರ ಉಪಾಧ್ಯಾಯನ ಮನೆಯೊಳಗೆ ಬಹುದಿನ ನಡೆಯುತ್ತದೆ.