ಹಳೆಯ ಗೋಡೆಯ ಋಣ



ಮುನವಳ್ಳಿಯ ಪಂಚಲಿಂಗೇಶ್ವರ ಗುಡಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದರ ಕಲ್ಲು ಕಡೆದವರು ಹೋಗಿ ಶತಮಾನಗಳಾದವು. ಆ ಕಲ್ಲು ಈಗ ಯಾರದು? ಸತ್ತವರು ಬಿಟ್ಟುಹೋದ ಕೆಲಸವನ್ನು ಬದುಕಿರುವ ನಾವು ನಮ್ಮ ಇಷ್ಟದಂತೆ ಕೆಡವಬಹುದೇ?

ಈ ಪ್ರಶ್ನೆಯೊಡನೆ ಬಾಳಿದವರು ಬೃಂದಾ ಸೋಮಯ. ಕೊಡಗು ಮೂಲದ ಕುಟುಂಬದಲ್ಲಿ 1949ರಲ್ಲಿ ಹುಟ್ಟಿ, ಹೆಣ್ಣು ವಾಸ್ತುಶಿಲ್ಪಿಗಳು ಅಪರೂಪವಾಗಿದ್ದ 1970ರ ದಶಕದಲ್ಲೇ ಮುಂಬಯಿಯಲ್ಲಿ ಸ್ವಂತ ಕಚೇರಿ ತೆರೆದರು. ಅಲ್ಲಿನ ಸಂತ ತೋಮಾಸರ ಕೆಥೆಡ್ರಲ್ 1718ರ ಕ್ರಿಸ್ಮಸ್‌ನಲ್ಲಿ ಆರಂಭವಾದದ್ದು. (ಅದು ನಮ್ಮ ಸಭೆಯದಲ್ಲ, ಆಂಗ್ಲಿಕನ್ನರು ಕಟ್ಟಿದ್ದು, ಆದರೆ ಮಳೆ ಸೋರುವ ಮಾಡಿಗೆ ಪಂಗಡ ಗೊತ್ತಿಲ್ಲ.) ಅದರ ಜೀರ್ಣೋದ್ಧಾರಕ್ಕೆ 2004ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂತು. ಹೊಸದನ್ನು ಕಟ್ಟಿದವರ ಹೆಸರು ಗೋಡೆಯ ಮೇಲಿರುತ್ತದೆ. ಹಳೆಯದನ್ನು ಸರಿಪಡಿಸಿದವರ ಕೆಲಸ ಚೆನ್ನಾಗಿ ಆದಷ್ಟೂ ಕಣ್ಣಿಗೆ ಬೀಳುವುದಿಲ್ಲ.

ಹಸಿದವರಿರುವಾಗ ಕಲ್ಲಿಗೇಕೆ ಹಣ ಎಂದು ನೀವು ಕೇಳುವಿರಿ. ನ್ಯಾಯವಾದ ಮಾತು. 2001ರ ಗುಜರಾತ್ ಭೂಕಂಪದ ನಂತರ ಇದೇ ಬೃಂದಾ ಭುಜ್ ಕಡೆಯ ಭಾದಲಿ ಎಂಬ ಹಳ್ಳಿಯನ್ನು ಮತ್ತೆ ಕಟ್ಟಲು ಊರವರ ಜೊತೆ ನಿಂತರು. ಆದರೆ ಎಲ್ಲ ಪ್ರಶ್ನೆಗೂ ಹೀಗೆ ಉತ್ತರ ಸಿಗುವುದಿಲ್ಲ. ಲೂಯಿ ಕಾನ್ ವಿನ್ಯಾಸದ ಅಹಮದಾಬಾದ್ ಐಐಎಂನ ಗ್ರಂಥಾಲಯವನ್ನು ಅವರ ಕಚೇರಿ ಉಳಿಸಿಕೊಟ್ಟು 2019ರಲ್ಲಿ ಯುನೆಸ್ಕೊ ಪ್ರಶಸ್ತಿ ಪಡೆಯಿತು. ಮರುವರ್ಷವೇ ಸಂಸ್ಥೆ ಅಲ್ಲಿನ ವಿದ್ಯಾರ್ಥಿನಿಲಯಗಳಲ್ಲಿ ಹೆಚ್ಚಿನವನ್ನು ಕೆಡವುವುದಾಗಿ ಹೇಳಿತು. ದೇಶವಿದೇಶಗಳಿಂದ ವಿರೋಧ ಬಂದು 2021ರ ಜನವರಿಯಲ್ಲಿ ನಿರ್ಧಾರ ಹಿಂದಕ್ಕೆ ಹೋಯಿತು. 2022ರಲ್ಲಿ ಮತ್ತೆ ತಿರುಗಿತು. ಮಕ್ಕಳ ತಲೆಯ ಮೇಲೆ ಇಟ್ಟಿಗೆ ಬಿದ್ದರೆ ಹೊಣೆ ಯಾರು ಎಂಬುದು ಅವರ ವಾದ. ಅದನ್ನು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಜೀವ ಕಲ್ಲಿಗಿಂತ ದೊಡ್ಡದು. ಆದರೆ ಅನೇಕ ಸಲ ನಾವು 'ಅಪಾಯ' ಎನ್ನುವುದು ಬೇಸರಕ್ಕೆ, 'ಹಳತು' ಎನ್ನುವುದು ನಮ್ಮ ಆತುರಕ್ಕೆ.

ನನ್ನದೇ ತಪ್ಪನ್ನು ಹೇಳುತ್ತೇನೆ. ಹಿಂದೊಂದು ಧರ್ಮಕೇಂದ್ರದಲ್ಲಿ ಹಳೆಯ ಚರ್ಚಿನ ಸುಣ್ಣದ ಗಾರೆಯ ಗೋಡೆ ತೇವಗೊಂಡಿತ್ತು. ಹಬ್ಬ ಹತ್ತಿರವಿತ್ತು. ನಾನು ಸಿಮೆಂಟು ಮೆತ್ತಿಸಿದೆ. "ಸುಣ್ಣದ ಗ್ವಾಡಿಗೆ ಸುಣ್ಣಾನ ಬೇಕ್ರಿ ಫಾದರ್," ಎಂದ ಮುದುಕ ಗೌಂಡಿಯ ಮಾತಿಗೆ ನಕ್ಕೆ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಒಳಗೇ ತಡೆಯುತ್ತದೆ. ನೀರಿನ ಉಪ್ಪು ಕಲ್ಲನ್ನು ತಿನ್ನುತ್ತದೆ. ಮೂರನೆಯ ಮಳೆಗಾಲಕ್ಕೆ ಸಿಮೆಂಟು ಹೊಪ್ಪಳಿಕೆಯಾಗಿ ಉದುರಿತು, ಕಲ್ಲಿನ ಮೈಯನ್ನೂ ಕಿತ್ತುಕೊಂಡು.

ಗೊತ್ತಿಲ್ಲದ್ದು ನನ್ನ ಪಾಪವಲ್ಲ, ಗೊತ್ತಿದ್ದವನನ್ನು ಕೇಳದಿದ್ದದ್ದು. ಆಮೇಲೆ ಅದೇ ಗೌಂಡಿಯನ್ನು ಕರೆದು ಸುಣ್ಣ ಹಾಕಿಸಿದೆವು. ಹೋದ ಕಲ್ಲಿನ ಮೈ ಮಾತ್ರ ಮರಳಲಿಲ್ಲ.